ದಾನಿಯೇಲನ ಪುಸ್ತಕದ ‘ಸ್ಲೇಕ್’: ಇದರ ‘ಲ’ ಎಲ್ಲಿ ಹೋಯಿತು?

ಸಾಗರದ ಓದುಗ
ಎಲ್ಲರಿಗೂ ನಮಸ್ಕಾರ. ಬೈಬಲಿನ ಅರಾಮಿಕ್ (ಹೀಬ್ರೂವಿಗೆ ಹತ್ತಿರದ ಹಳೇ ಭಾಷೆ) ಭಾಗಗಳನ್ನು ಮನೆಯಲ್ಲೇ ಕೂತು ಓದುತ್ತಿದ್ದೇನೆ. ‘ಸ್ಲೇಕ್’, ಅಂದರೆ ಸ-ಲ-ಕ ಧಾತುವಿನ ಹತ್ತಿರ ಸಿಕ್ಕಿಕೊಂಡಿದ್ದೇನೆ. ಅರ್ಥ ‘ಮೇಲೆ ಹೋಗು, ಹತ್ತು’. ದಾನಿಯೇಲ 7ರಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಮೇಲೆ ಬರುತ್ತವಲ್ಲ, ಅಲ್ಲಿ ‘ಸಾಲ್ಕಾನ್’ ಅಂತಿದೆ, ಅದು ಸರಿ. ಆದರೆ 6ನೇ ಅಧ್ಯಾಯದಲ್ಲಿ, ದಾನಿಯೇಲನನ್ನು ಸಿಂಹಗಳ ಗವಿಯಿಂದ ಮೇಲಕ್ಕೆತ್ತಿ ಎಂದು ರಾಜ ಅಪ್ಪಣೆ ಕೊಡುವಾಗ ‘ಹನ್ಸಾಕಾ’, ಅವನನ್ನು ಎತ್ತಲಾಯಿತು ಅನ್ನುವಾಗ ‘ಹುಸ್ಸಕ್’. ಒಂದೇ ವಚನ, ಎರಡು ರೂಪ, ಎರಡರಲ್ಲೂ ‘ಲ’ ಇಲ್ಲ. ಒಂದರಲ್ಲಿ ಎಲ್ಲಿಂದಲೋ ‘ನ’ ಬಂದು ಕೂತಿದೆ. ಇವೆಲ್ಲ ನಿಜಕ್ಕೂ ಒಂದೇ ಧಾತುವಾ?

ಇನ್ನೊಂದು. ಎಜ್ರ 4:12ರಲ್ಲಿ ಯೆಹೂದ್ಯರು ‘ನಿಮ್ಮ ಕಡೆಯಿಂದ ಹತ್ತಿ’ ನಮ್ಮಲ್ಲಿಗೆ ಬಂದರು ಎಂದು ಅವರ ವಿರೋಧಿಗಳು ಅರಸನಿಗೆ ಬರೆಯುತ್ತಾರೆ. ಸುಮ್ನೆ ‘ಬಂದರು’ ಅಂದರೆ ಸಾಲದಾ?

ತೀರ್ಥಹಳ್ಳಿ ಕಡೆಯವ
ಒಂದೇ ಧಾತು, ಅನುಮಾನ ಬೇಡ. ‘ಸ’ ಮತ್ತು ‘ಲ’ ನಡುವೆ ಸ್ವರ ಇಲ್ಲದೆ ಅಂಟಿಕೊಂಡಾಗ ‘ಲ’ ಕೂಡ ‘ಸ’ ಆಗಿಬಿಡುತ್ತದೆ. ಹಾಗಾಗಿ ‘ಹುಸ್ಲಕ್’ ಆಗಬೇಕಿದ್ದದ್ದು ‘ಹುಸ್ಸಕ್’ ಆಯಿತು. ನಮ್ಮಲ್ಲೂ ಇದೆ, ಹಳಗನ್ನಡದ ‘ಇರ್ದ’ ಹೊಸಗನ್ನಡದಲ್ಲಿ ‘ಇದ್ದ’ ಆಯಿತಲ್ಲ, ಅಲ್ಲಿ ‘ರ’ ಹೋಗಿ ‘ದ’ಕ್ಕೆ ಒತ್ತು ಬಂತು, ಅಷ್ಟಾದರೂ ಅದು ‘ಇರು’ ಧಾತುವೇ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

‘ನ’ದ ಕಥೆ ಬೇರೆ. ಅರಾಮಿಕ್‌ನಲ್ಲಿ ಒತ್ತಕ್ಷರವನ್ನು ಬಿಡಿಸಿ ಮೊದಲ ಅರ್ಧದ ಜಾಗಕ್ಕೆ ‘ನ್’ ತರುವ ಅಭ್ಯಾಸ ಇತ್ತು. ‘ಸ್ಸ’ ಇದ್ದದ್ದು ‘ನ್ಸ’ ಆಯಿತು. ಇದು ಈ ಒಂದು ಪದದ ಹುಚ್ಚಾಟ ಅಲ್ಲ. ‘ತಿಳಿ’ ಎಂಬ ಧಾತು ಯ-ದ-ಅ, ಅದರಿಂದ ಬಂದ ‘ಜ್ಞಾನ’ ಎಂಬ ಪದ ದಾನಿಯೇಲನಲ್ಲಿ ‘ಮಂದಾ’ ಎಂದೇ ಇದೆ, ಅಲ್ಲೂ ಧಾತುವಿನಲ್ಲಿ ಇಲ್ಲದ ‘ನ’. ನನಗೆ ಇಷ್ಟವಾಗುವುದು ನೀವು ಹೇಳಿದ ಆ ವಚನವೇ. ಅಕ್ಕಪಕ್ಕದಲ್ಲೇ ಎರಡೂ ರೂಪ ಉಳಿದಿವೆ, ಪ್ರತಿ ಮಾಡಿದವರು ಯಾರೂ ಒಂದನ್ನು ತಿದ್ದಿ ಇನ್ನೊಂದರಂತೆ ಮಾಡಲಿಲ್ಲ.

‘ಲ’ ಬಿದ್ದದ್ದು ತುಂಬಾ ಹಳೆಯ ಕಾಲದಲ್ಲಿ. ಸಿರಿಯಾದ ಅಲೆಪ್ಪೊ ಹತ್ತಿರದ ಸೆಫೀರೆ ಶಾಸನಗಳು ಕ್ರಿ.ಪೂ. 8ನೇ ಶತಮಾನದವು, ಅರಸರ ನಡುವಿನ ಒಪ್ಪಂದಗಳು. ‘ನನ್ನನ್ನು ಕೊಲ್ಲುವ ಯೋಚನೆ ನಿನ್ನ ಮನಸ್ಸಿಗೆ ಹತ್ತಿದರೆ’ ಎಂಬ ಮಾತು ಅಲ್ಲಿದೆ, ಅದರಲ್ಲಿ ಈ ಕ್ರಿಯಾಪದ ಆಗಲೇ ‘ಲ’ ಇಲ್ಲದೆ ಕೆತ್ತಿದೆ. ದಾನಿಯೇಲ 2:29 ತೆಗೆದು ನೋಡಿ, ಹಾಸಿಗೆಯಲ್ಲಿ ಮಲಗಿದ್ದ ಬಾಬೆಲ್ ರಾಜ ನೆಬೂಕದ್ನೆಚ್ಚರನಿಗೆ ಯೋಚನೆಗಳು ‘ಹತ್ತಿದವು’. ಅದೇ ನುಡಿಗಟ್ಟು!

ಶಿವಮೊಗ್ಗ, ಹಳೇ ಭಾಷೆಗಳ ಹುಚ್ಚು
ಎಜ್ರನ ಪ್ರಶ್ನೆಗೆ ನಾನು ಹೇಳುತ್ತೇನೆ. ಉಡುಪಿ ಕಡೆಯಿಂದ ಆಗುಂಬೆ ದಾರಿಯಲ್ಲಿ ಬಂದವರನ್ನು ನಾವು ‘ಘಟ್ಟ ಹತ್ತಿ ಬಂದರು’ ಅನ್ನುತ್ತೇವಲ್ವಾ, ಹಾಗೆ. ಬಾಬೆಲ್ ನದಿಬಯಲು, ಯೆರೂಸಲೇಮ್ ಬೆಟ್ಟದ ಮೇಲಿನ ಊರು. ಆ ವಚನದಲ್ಲೇ ‘ಬಂದರು’ ಅನ್ನೋದಕ್ಕೆ ‘ಅತೋ’ ಎಂಬ ಬೇರೆ ಕ್ರಿಯಾಪದವೂ ಇದೆ. ಹತ್ತಿದರು, ಆಮೇಲೆ ಬಂದು ಮುಟ್ಟಿದರು. ಮುಂದೆ ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನಲ್ಲೂ ಬಾಬೆಲ್‌ನಿಂದ ಇಸ್ರೇಲಿಗೆ ಹೋದ ಪಂಡಿತರಿಗೆ ಇದೇ ‘ಹತ್ತು’. ಅಲ್ಲಿಂದ ಬಾಬೆಲ್‌ಗೆ ಪಾಠ ತರುತ್ತಿದ್ದವರಿಗೆ ‘ನಾಹೋತೇ’, ಅಂದರೆ ಇಳಿದು ಬಂದವರು, ಎಂದೇ ಹೆಸರು.

ಒಂದು ಎಚ್ಚರ. ಹೀಬ್ರೂ ಕಲಿತು ಬಂದವರಿಗೆ ಅರಾಮಿಕ್‌ನ ‘ಅಲಲ್’ ನೋಡಿದ ಕೂಡಲೇ ಹೀಬ್ರೂವಿನ ‘ಅಲಾ’ ನೆನಪಾಗುತ್ತದೆ. ‘ಅಲಾ’ ಅಂದರೆ ಹತ್ತು, ‘ಅಲಲ್’ ಅಂದರೆ ಒಳಗೆ ಹೋಗು. ಬೆರೆಸಬೇಡಿ. ಸ-ಲ-ಕ ಹೀಬ್ರೂ ಭಾಗದಲ್ಲಿ ಒಂದೇ ಕಡೆ ಇದೆ, ಕೀರ್ತನೆ 139:8, ‘ನಾನು ಆಕಾಶಕ್ಕೆ ಏರಿದರೂ’ ಅನ್ನುವಲ್ಲಿ. ಅಲ್ಲೂ ‘ಎಸ್ಸಕ್’, ಅಲ್ಲೂ ‘ಲ’ ಇಲ್ಲ.

ಭದ್ರಾವತಿಯಿಂದ
ಈ ಪದ ನಮ್ಮ ಊರಿನ ತನಕ ಬಂದಿದೆ, ಅದನ್ನು ಯಾರೂ ಹೇಳಲಿಲ್ಲ! ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಸುರಿಯಾನಿ ಕ್ರೈಸ್ತರು ಇಲ್ಲಿ ಸಾಕಷ್ಟು ಇದ್ದಾರೆ, 2007ರಲ್ಲಿ ಭದ್ರಾವತಿಯಲ್ಲೇ ಸಿರೋ ಮಲಬಾರ್ ಧರ್ಮಪ್ರಾಂತ್ಯ ಆಯಿತು. ಅವರ ಪೂಜೆಯ ಮೂಲಭಾಷೆ ಸಿರಿಯಾಕ್, ಅದೂ ಅರಾಮಿಕ್‌ನ ಒಂದು ಕವಲು. ಅದರಲ್ಲಿ ಯೇಸು ಸ್ವರ್ಗಕ್ಕೇರಿದ ಹಬ್ಬದ ಹೆಸರು ‘ಸುಲಾಕಾ’. ಇಲ್ಲಿ ‘ಸ’ ಮತ್ತು ‘ಲ’ ನಡುವೆ ಸ್ವರ ಇದೆ, ಹಾಗಾಗಿ ‘ಲ’ ಉಳಿದಿದೆ. ಅರಾಮಿಕ್‌ನದೇ ಇನ್ನೊಂದು ಕವಲನ್ನು ಪೂಜೆಗೆ ಬಳಸುವ ಇರಾಕ್ ಮತ್ತು ಇರಾನಿನ ಮಂದಾಯಿ ಎಂಬ ಸಣ್ಣ ಧರ್ಮದವರು ಸತ್ತವರ ಜೀವವನ್ನು ಬೆಳಕಿನ ಲೋಕಕ್ಕೆ ಏರಿಸಲು ಮಾಡುವ ವಿಧಿಗೆ ‘ಮಸಿಕ್ತಾ’ ಅನ್ನುತ್ತಾರೆ. ಅದೇ ಧಾತು, ‘ಲ’ ಮಾತ್ರ ಮಾಯ.

ಸಾಗರದ ಓದುಗ
ತುಂಬಾ ಉಪಕಾರ ಆಯಿತು. ಹಾಗಾದರೆ ದಾನಿಯೇಲ 3:22ರಲ್ಲಿ ಶದ್ರಕ್ ಮತ್ತು ಜೊತೆಯವರನ್ನು ಕುಲುಮೆಗೆ ಎತ್ತಿಕೊಂಡು ಹೋದವರೇ ಬೆಂಕಿಗೆ ಸತ್ತರು ಅನ್ನುವಲ್ಲಿ ‘ಹಸ್ಸಿಕೂ’ ಇದೆಯಲ್ಲ, ಅದೂ ಇದೇನಾ?

ತೀರ್ಥಹಳ್ಳಿ ಕಡೆಯವ
ಅದೂ ಇದೇ, ‘ಹತ್ತಿಸಿದರು’. ಅವರನ್ನು ಮೇಲಕ್ಕೆ ಹತ್ತಿಸಿದ್ದಾರೆ, ಆಮೇಲೆ ಅವರು ಬೆಂಕಿಯೊಳಗೆ ‘ಬಿದ್ದರು’ ಎಂದು ಮುಂದಿನ ವಚನದಲ್ಲಿದೆ. ಕುಲುಮೆಯ ಬಾಯಿ ಮೇಲುಗಡೆ ಇತ್ತು ಅನ್ನೋದನ್ನು ಈ ಎರಡು ಕ್ರಿಯಾಪದಗಳಿಂದಲೇ ಊಹಿಸಬಹುದು.