‘ಕ್ರೋಡೀಕರಣ’: ತಂದು ಸೇರಿಸುವುದೇ, ಇದ್ದಲ್ಲೇ ಓದುವುದೇ?

ಎಲ್ಲರಿಗೂ ನಮಸ್ಕಾರ.

ಹಾಸನದ ಕಾಫಿ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಅದರ ಗಣಕ ವ್ಯವಸ್ಥೆಯ ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಸಂಘಕ್ಕೆ ಸಕಲೇಶಪುರ, ಬೇಲೂರು ಮತ್ತು ಮೂಡಿಗೆರೆಗಳಲ್ಲಿ ಶಾಖೆಗಳಿವೆ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ) ಮತ್ತು ಚೆರ್ರಿ (ಹಣ್ಣನ್ನು ಹಾಗೆಯೇ ಒಣಗಿಸಿದ) ಕಾಫಿಯ ತೂಕ, ಬೆಳೆಗಾರರಿಗೆ ಸಂದಾಯವಾದ ಹಣ ಇವುಗಳ ಲೆಕ್ಕ ಆಯಾ ಶಾಖೆಯ ಸರ್ವರ್‌ನಲ್ಲಿರುತ್ತದೆ. ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕೆಲಸ) ಆದ ಮೇಲಿನ ದಾಸ್ತಾನು ಮತ್ತು ಮಾರಾಟದ ಲೆಕ್ಕ ಹಾಸನದ ಸರ್ವರ್‌ನಲ್ಲಿರುತ್ತದೆ. ತಿಂಗಳ ವರದಿಯಲ್ಲಿ ಇವೆಲ್ಲವೂ ಒಂದೇ ಹಾಳೆಗೆ ಬರಬೇಕು. ಅದನ್ನು ವಿವರಿಸುವಾಗ ‘ಎಲ್ಲ ಶಾಖೆಗಳ ದತ್ತಾಂಶವನ್ನು ಸುರಕ್ಷಿತವಾಗಿ ಕ್ರೋಡೀಕರಿಸಲಾಗುವುದು’ ಎಂದು ಬರೆದೆ. ಕರಡನ್ನು ಓದಿದ ಆಡಳಿತ ಮಂಡಳಿಯ ಹಿರಿಯರೊಬ್ಬರು, ‘ಹಾಗಾದರೆ ನಮ್ಮ ಬೆಳೆಗಾರರ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಎಲ್ಲವನ್ನೂ ಹಾಸನಕ್ಕೆ ಒಯ್ದು ಇಟ್ಟುಕೊಳ್ಳುತ್ತೀರಾ?’ ಎಂದು ಕೇಳಿದರು. ವ್ಯವಸ್ಥೆಯಲ್ಲಿ ಹಾಗೆ ಆಗುವುದಿಲ್ಲ. ಆದರೆ ನನ್ನ ವಾಕ್ಯವನ್ನು ಅವರು ಓದಿಕೊಂಡ ಬಗೆಯಲ್ಲಿ ತಪ್ಪೇನೂ ಇರಲಿಲ್ಲ.

ಕಚೇರಿಗಳಲ್ಲಿ ‘ಕ್ರೋಡೀಕೃತ ವರದಿ’ ಎಂಬುದು ಬಹಳ ಬಳಕೆಯ ಮಾತು. ಸಂಸ್ಕೃತದ ‘ಕ್ರೋಡ’ಕ್ಕೆ ಎದೆ, ಮಡಿಲು ಎಂಬ ಅರ್ಥಗಳಿವೆ (ಹಂದಿ ಎಂಬ ಅರ್ಥವೂ ಇದೆ, ಅದು ಇಲ್ಲಿಗೆ ಬೇಡ). ಎಲ್ಲವನ್ನೂ ಮಡಿಲಿಗೆ ತಂದುಕೊಳ್ಳುವುದು ಆ ಪದದೊಳಗೇ ಇರುವ ಚಿತ್ರ. ಪ್ರತಿ ರಾತ್ರಿ ಶಾಖೆಗಳ ದತ್ತಾಂಶದ ಪ್ರತಿಯನ್ನು ಹಾಸನದ ಉಗ್ರಾಣಕ್ಕೆ ತಂದು ಸುರಿಯುವ ಪದ್ಧತಿಗೆ ಅದು ತಕ್ಕ ಪದ. ನಾನು ಹೇಳಬೇಕಾಗಿರುವ ಪದ್ಧತಿ ಬೇರೆ: ದತ್ತಾಂಶ ಶಾಖೆಯ ಸರ್ವರ್‌ನಲ್ಲೇ ಉಳಿಯುತ್ತದೆ, ಹಾಸನದಿಂದ ಪ್ರಶ್ನೆ ಹೋಗುತ್ತದೆ, ಆ ವರದಿಗೆ ಬೇಕಾದ ಸಾಲುಗಳಷ್ಟೇ ಉತ್ತರವಾಗಿ ಬರುತ್ತವೆ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶದಲ್ಲಿ ಇನ್ನೊಂದು ಪೋಸ್ಟ್‌ಗ್ರೆಸ್ ಸರ್ವರ್‌ನ ಕೋಷ್ಟಕವನ್ನು ಹೀಗೆ ಓದುವ ಸಲಕರಣೆ 2013ರ 9.3ನೇ ಆವೃತ್ತಿಯಿಂದ ಜೊತೆಗೇ ಬರುತ್ತಿದೆ. ಅದೇ ಆವೃತ್ತಿಯಿಂದ ಆ ಇನ್ನೊಂದು ಸರ್ವರ್‌ನ ಕೋಷ್ಟಕಕ್ಕೆ ಬರೆಯುವುದಕ್ಕೂ ಸಾಧ್ಯವಾಗಿರುವುದರಿಂದ, ವರದಿಗಾಗಿ ಬಳಸುವ ಲಾಗಿನ್ ಖಾತೆಗೆ ಓದುವ ಅನುಮತಿಯನ್ನು ಮಾತ್ರ ಕೊಟ್ಟು, ಅದನ್ನೂ ಆಧಾರ್ ಮತ್ತು ಬ್ಯಾಂಕ್ ಸಂಖ್ಯೆಗಳ ಅಂಕಣಗಳನ್ನು ಬಿಟ್ಟು ರಚಿಸಿದ ಒಂದು ‘ನೋಟ’ಕ್ಕೆ (view) ಸೀಮಿತಗೊಳಿಸಿದ್ದೇವೆ. ಓದುಗನ ಆತಂಕ ಹೋಗಬೇಕಾದರೆ ಈ ಎರಡು ಪದ್ಧತಿಗಳಿಗೆ ಎರಡು ಹೆಸರುಗಳು ಬೇಕು.

ಯೋಚಿಸಿದ ಪದಗಳು ಯಾವುವೂ ಪೂರ್ತಿ ಒಗ್ಗಲಿಲ್ಲ. ‘ವಿಲೀನ’ ಎಂದರೆ ಮೂಲವೇ ಇಲ್ಲವಾಗುತ್ತದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ವಿಲೀನವಾದ ಮೇಲೆ ಆ ಪದದ ಅರ್ಥವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಬೆರಸು’ ಎಂದರೆ ಕಾಫಿ ಸೀಮೆಯಲ್ಲಿ ಚಿಕೋರಿಯ ವಾಸನೆ ಬರುತ್ತದೆ. ‘ಒಕ್ಕೂಟ’ ತಾತ್ವಿಕವಾಗಿ ಸರಿಯಾದದ್ದು, ಏಕೆಂದರೆ ಸೇರಿದವರೆಲ್ಲ ತಮ್ಮತನವನ್ನು ಉಳಿಸಿಕೊಂಡಿರುತ್ತಾರೆ. ಆದರೆ ಹಾಸನದಲ್ಲಿ ಒಕ್ಕೂಟವೆಂದರೆ ಹಾಲು ಒಕ್ಕೂಟ, ಅಲ್ಲಿ ಹಳ್ಳಿಹಳ್ಳಿಯ ಹಾಲು ಟ್ಯಾಂಕರ್ ಸೇರಿ ಒಂದಾಗಿಬಿಡುತ್ತದೆ; ನನಗೆ ಬೇಕಾದುದಕ್ಕೆ ತೀರ ವಿರುದ್ಧವಾದ ಚಿತ್ರ.

ಮನಸ್ಸಿಗೆ ಹತ್ತಿರವಾದದ್ದು ‘ತಾಳೆ’. ಹಳೆಯ ಮಂಡಿಯ ಗುಮಾಸ್ತರು ಎರಡು ಖಾತೆ ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟು, ಯಾವುದನ್ನೂ ನಕಲು ಮಾಡದೆ, ಬೇಕಾದ ಮೊತ್ತವನ್ನಷ್ಟೇ ಮೂರನೆಯ ಹಾಳೆಗೆ ಎತ್ತಿ ಬರೆಯುತ್ತಿದ್ದರು. ತೊಡಕೆಂದರೆ ‘ತಾಳೆ ನೋಡು’ ಎಂದಾಗ ಎರಡು ಲೆಕ್ಕಗಳು ಹೊಂದುತ್ತವೆಯೇ ಎಂಬ ಪರೀಕ್ಷೆ ಮುಂದೆ ಬಂದು, ಕೂಡಿಸಿ ಓದುವ ಅರ್ಥ ಹಿಂದೆ ಸರಿಯುತ್ತದೆ. ಸದ್ಯಕ್ಕೆ ‘ಇದ್ದಲ್ಲಿಂದಲೇ ಕೂಡಿಸಿ ಓದುವುದು’ ಎಂದು ಬಿಡಿಸಿ ಬರೆದಿದ್ದೇನೆ. ಅರ್ಥವಾಗುತ್ತದೆ, ಆದರೆ ಅಧ್ಯಾಯದ ತಲೆಬರಹಕ್ಕೆ ಉದ್ದವಾಯಿತು. ‘ಕೂಡುನೋಟ’ ಎಂದರೆ ಹೇಗೆ?

‘ಸುರಕ್ಷಿತವಾಗಿ’ ಎಂಬುದರ ಬಗ್ಗೆಯೂ ಸಂದೇಹವಿದೆ. ಅದನ್ನು ಓದಿದವರು ದತ್ತಾಂಶ ಕಳೆದುಹೋಗುವುದಿಲ್ಲ, ಕೆಡುವುದಿಲ್ಲ ಎಂದು ತಿಳಿದರು. ನಾನು ಹೇಳಹೊರಟದ್ದು ದಾರಿಯಲ್ಲಿ ಬೇರೆಯವರು ಓದಲಾರರು, ಉತ್ತರ ಕೊಡುತ್ತಿರುವುದು ನಿಜವಾಗಿ ಸಕಲೇಶಪುರದ ಸರ್ವರ್ರೇ ಎಂಬುದು ಖಚಿತವಾಗಿರುತ್ತದೆ ಎಂದು. ಇದಕ್ಕೆ ‘ಭದ್ರತೆ’ ಹೆಚ್ಚು ಹೊಂದುತ್ತದೆಯೆಂದು ನನ್ನ ಅಭಿಪ್ರಾಯ. ‘ಭದ್ರವಾಗಿ’ ಎಂದು ಕ್ರಿಯಾವಿಶೇಷಣ ಮಾಡಿದ ಕೂಡಲೇ ಮಾತ್ರ ಪೆಟ್ಟಿಗೆಗೆ ಬೀಗ ಹಾಕಿದಂತಾಗುತ್ತದೆ.

ಕೊನೆಯದಾಗಿ, ಬೇರೆ ಸರ್ವರ್‌ನಲ್ಲಿದ್ದು ಇಲ್ಲಿ ಹೆಸರಷ್ಟೇ ಕಾಣುವ ಕೋಷ್ಟಕವನ್ನು ‘ವಿದೇಶಿ ಕೋಷ್ಟಕ’ (foreign table) ಎನ್ನಲು ಮನಸ್ಸು ಒಪ್ಪದೆ ‘ಹೊರಕೋಷ್ಟಕ’ ಎಂದಿದ್ದೇನೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸವೆಂಬ ಆಕ್ಷೇಪ ಬರಬಹುದು. ‘ಹೊರರಾಜ್ಯ’ವನ್ನು ಒಪ್ಪಿಕೊಂಡಿರುವ ನಮಗೆ ಇದು ಅಷ್ಟೇನೂ ಒರಟೆನಿಸದು ಎಂದುಕೊಂಡಿದ್ದೇನೆ. ಬ್ಯಾಂಕು, ಸಹಕಾರ ಸಂಘ ಅಥವಾ ಖಜಾನೆಗಳಲ್ಲಿ ಲೆಕ್ಕ ಬರೆದು ಅನುಭವವಿರುವವರು, ಎರಡು ಪುಸ್ತಕಗಳನ್ನು ಇದ್ದಲ್ಲೇ ಇಟ್ಟು ಮೊತ್ತ ಎತ್ತುವ ಕೆಲಸಕ್ಕೆ ತಮ್ಮಲ್ಲಿ ಯಾವ ಮಾತು ನಡೆಯುತ್ತಿತ್ತು ಎಂಬುದನ್ನು ದಯವಿಟ್ಟು ತಿಳಿಸಬೇಕು.