ಅಕ್ಕನ ಮಗಳು, ಅಣ್ಣನ ಮಗಳು: ಸ್ಪಾರ್ಟಾ ಮತ್ತು ಪರ್ಷಿಯಾದ ಅರಮನೆಗಳಲ್ಲಿ ವರಸೆ

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ದಾವಣಗೆರೆ):
ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಅಣ್ಣತಮ್ಮಂದಿರ ಮಗಳಾದರೆ ಮಗಳ ವರಸೆ, ಅಲ್ಲಿ ಮದುವೆಯ ಮಾತೇ ಏಳುವುದಿಲ್ಲ. ಸ್ಪಾರ್ಟಾದ ದೊರೆ ಲಿಯೋನಿಡಾಸ್ ತನ್ನ ಅಣ್ಣನ ಮಗಳಾದ ಗೋರ್ಗೋಳನ್ನೇ ವರಿಸಿದ್ದನೆಂದು ಓದಿ ಬೆರಗಾದೆ. ಗ್ರೀಕರಿಗೂ ಅವರ ಶತ್ರುಗಳಾದ ಪರ್ಷಿಯನ್ನರಿಗೂ ವರಸೆಯ ಕಟ್ಟಳೆ ಇರಲಿಲ್ಲವೇ?

ಉತ್ತರ 1 (ಇತಿಹಾಸ ಅಧ್ಯಾಪಕ, ಚಿತ್ರದುರ್ಗ):
ಕಟ್ಟಳೆ ಇತ್ತು, ಆದರೆ ಅದರ ಬೇರು ಬೇರೆಡೆ ಇತ್ತು. ಗೋರ್ಗೋ, ಲಿಯೋನಿಡಾಸನ ಮಲಅಣ್ಣ ಕ್ಲಿಯೊಮಿನಿಸ್ ದೊರೆಯ ಒಬ್ಬಳೇ ಮಗಳು. ಗಂಡುಸಂತಾನವಿಲ್ಲದ ಮನೆಯ ಮಗಳು ಹೊರಗೆ ಹೋದರೆ ಆಸ್ತಿಯೂ ಹೋಗುತ್ತದೆಂಬ ಭಯದಿಂದ, ತಂದೆಯ ಕಡೆಯ ಹತ್ತಿರದ ಬಂಧುವೇ ಅವಳನ್ನು ಕೈಹಿಡಿಯಲೆಂದು ಗ್ರೀಕರು ಬಯಸುತ್ತಿದ್ದರು. ನಾವು ಬೆಡಗು (ತಂದೆಯ ಕಡೆಯ ಕುಲ) ಒಂದೇ ಎಂಬ ಕಾರಣಕ್ಕೆ ಯಾರನ್ನು ಬಿಡುತ್ತೇವೆಯೋ, ಅದೇ ಕಾರಣಕ್ಕೆ ಅವರು ಅವಳನ್ನು ಬಯಸಿದರು. ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು: ಲಿಯೋನಿಡಾಸನ ತಂದೆ ಅನಾಕ್ಸಾಂಡ್ರಿಡಾಸ್ ವರಿಸಿದ್ದು ತನ್ನ ಸೋದರಿಯ ಮಗಳನ್ನು. ಮಕ್ಕಳಾಗಲಿಲ್ಲವೆಂದು ಅವಳನ್ನು ಬಿಡುವಂತೆ ಎಫೋರರೆಂಬ ಅಧಿಕಾರಿಗಳು ಒತ್ತಾಯಿಸಿದರೂ ಅವನು ಬಿಡಲಿಲ್ಲ. ಎರಡನೆಯವಳನ್ನು ತಂದು, ಸ್ಪಾರ್ಟಾದ ರೂಢಿಗೆ ವಿರುದ್ಧವಾಗಿ ಎರಡು ಮನೆ ನಡೆಸಿದನು. ಎರಡನೆಯವಳಿಗೆ ಕ್ಲಿಯೊಮಿನಿಸ್ ಹುಟ್ಟಿದ ಮೇಲೆ ಮೊದಲನೆಯವಳೂ ಹೆತ್ತಳು, ಅವಳ ಮಕ್ಕಳಲ್ಲಿ ಒಬ್ಬನು ಲಿಯೋನಿಡಾಸ್. ಅಂದರೆ ಆ ವೀರನು ನಮ್ಮೂರಿನವರು ಒಪ್ಪುವ ವರಸೆಯಲ್ಲಿ ಹುಟ್ಟಿ, ಒಪ್ಪದ ವರಸೆಯಲ್ಲಿ ಮದುವೆಯಾದನು.

ಉತ್ತರ 2 (ನಿವೃತ್ತ ಗ್ರಂಥಪಾಲಕಿ, ದಾವಣಗೆರೆ):
ಪರ್ಷಿಯಾದ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಸಾಮ್ರಾಟ ದಾರಿಯಸನ ತಮ್ಮ ಅರ್ತಾನಿಸ್ ತನ್ನ ಒಬ್ಬಳೇ ಮಗಳು ಫ್ರಾತಗೂನೆಯನ್ನು ಸಕಲ ಆಸ್ತಿಯೊಡನೆ ಅಣ್ಣನಿಗೇ ಕೊಟ್ಟನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಅವಳ ಇಬ್ಬರು ಮಕ್ಕಳು ಕ್ರಿ.ಪೂ. 480ರಲ್ಲಿ ಥರ್ಮೋಪಿಲೆಯಲ್ಲಿ, ಲಿಯೋನಿಡಾಸ್ ಬಿದ್ದ ಅದೇ ಕದನದಲ್ಲಿ, ಮಡಿದರು. ಆದರೆ ದಾರಿಯಸನಿಗೆ ಆಸ್ತಿಗಿಂತ ಸಿಂಹಾಸನದ ಹಕ್ಕು ದೊಡ್ಡದಾಗಿತ್ತೆಂದು ನನಗೆ ತೋರುತ್ತದೆ, ಏಕೆಂದರೆ ಅವನು ಪರ್ಷಿಯಾ ಸಾಮ್ರಾಜ್ಯವನ್ನು ಕಟ್ಟಿದ ಸೈರಸನ ನೇರ ವಂಶದವನಲ್ಲ. ಪಟ್ಟಕ್ಕೆ ಬಂದೊಡನೆ ಸೈರಸನ ಹೆಣ್ಣುಮಕ್ಕಳಾದ ಅತೋಸಾ, ಅರ್ತಿಸ್ತೋನೆ ಇಬ್ಬರನ್ನೂ ವರಿಸಿದನು. ಹಿರಿಯ ಮಗನನ್ನು ಬಿಟ್ಟು ಅತೋಸಾಳ ಮಗ ಝರ್ಕ್ಸಿಸನಿಗೆ ಪಟ್ಟ ದೊರೆತದ್ದೂ ಈ ಕಾರಣಕ್ಕೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹೆಣ್ಣಿನ ಸೋದರಮಾವನೇ ವರನಾದ ರಾಜವಿವಾಹ ಅಲ್ಲಿ ಬೇರೆ ಇದೆಯೇ?

ಉತ್ತರ 3 (ಇತಿಹಾಸ ಅಧ್ಯಾಪಕ, ಚಿತ್ರದುರ್ಗ):
ಇದೆ. ಕ್ರಿ.ಪೂ. 336ರಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ತನ್ನ ಮಗಳು ಕ್ಲಿಯೋಪಾತ್ರಳನ್ನು ಅವಳ ತಾಯಿ ಒಲಿಂಪಿಯಾಸಳ ತಮ್ಮನಾದ ಎಪಿರಸ್ ದೊರೆ ಅಲೆಗ್ಸಾಂಡರನಿಗೆ ಧಾರೆಯೆರೆದನು. ಐಗೈ ನಗರದಲ್ಲಿ ನಡೆದ ಆ ಮದುವೆಯ ಉತ್ಸವದಲ್ಲೇ, ರಂಗಮಂದಿರಕ್ಕೆ ನಡೆದು ಬರುತ್ತಿದ್ದ ಫಿಲಿಪನನ್ನು ಅವನ ಅಂಗರಕ್ಷಕನೇ ಇರಿದು ಕೊಂದನು.