ಕಡಲ ಬದಿಯಲ್ಲಿ 22 ಸೆಂಟ್ಸ್ ಜಾಗೆ: ತೆಗೆದವರು (ಕೊಂಡವರು), ಮಾರಿದವರು ಹೇಳಿ

ಬೆಂಗಳೂರಿನಿಂದ: ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಕಡಲಿಗೆ ತಾಗಿ 22 ಸೆಂಟ್ಸ್ ನೋಡಿದ್ದೇವೆ, 40 ಲಕ್ಷ ಹೇಳುತ್ತಿದ್ದಾರೆ. ಹೊರಗಿನವರು ತೆಗೆದು ಮನೆ ಕಟ್ಟಬಹುದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉಪ್ಪಳ: ತೆಗೆಯಲಿಕ್ಕೆ ತಡೆ ಇಲ್ಲ, ಕಟ್ಟಲಿಕ್ಕೆ ಉಂಟು. ನಮ್ಮ 14 ಸೆಂಟ್ಸಿನಲ್ಲಿ 9 ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಗೆರೆಯೊಳಗೆ; ದುಡ್ಡು ಮಾತ್ರ 14ಕ್ಕೂ ಹೋಗಿದೆ. 2019ರ ಅಧಿಸೂಚನೆಯಂತೆ ಜನ ದಟ್ಟವಾಗಿರುವ ಮೂರು-ಎ ವರ್ಗದ ಪಂಚಾಯತಾದರೆ ಉಬ್ಬರದ ಗೆರೆಯಿಂದ 50 ಮೀಟರ್, ಜನ ಕಡಿಮೆ ಇರುವ ಮೂರು-ಬಿ ಆದರೆ 200 ಮೀಟರ್ ಒಳಗೆ ಹೊರಗಿನವರ ಹೊಸ ಮನೆಗೆ ಒಪ್ಪಿಗೆ ಸಿಗುವುದಿಲ್ಲ. ಬ್ರೋಕರ್ ನೀರಿನ ಅಂಚಿನಿಂದ ಟೇಪ್ ಹಿಡಿದು ತೋರಿಸುತ್ತಾನೆ. ಅದು ಲೆಕ್ಕಕ್ಕೇ ಇಲ್ಲ, ಸರಕಾರದ ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ಎಳೆದದ್ದೇ ಗೆರೆ. ಸರ್ವೆ ನಂಬ್ರ ಹಿಡಿದು ಅದನ್ನು ನೋಡಿ. ನಮ್ಮ ಉಪ್ಪಳದ ಹತ್ತಿರ ಮುಸೋಡಿಯಲ್ಲಿ ಕಡಲ್ಕೊರೆತವನ್ನೂ ಕಣ್ಣಾರೆ ನೋಡಿ, ಆಮೇಲೆ ಅಡ್ವಾನ್ಸ್.

ಬದಿಯಡ್ಕ: ಗೆರೆ ಗೆರೆ ಎಂದು ಹೆದರಿಸುವುದು ಸಾಕು. ಮುಳುಗಿಸುವುದು ದಾಖಲೆ. ಅಳಿಯಸಂತಾನದ (ತಾಯಿಯ ಕಡೆಯಿಂದ ಬರುವ ಕೂಡುಕುಟುಂಬದ) ಜಾಗೆಯಾದರೆ, ಕೂಡುಕುಟುಂಬ ರದ್ದತಿ ಕಾಯ್ದೆ ಜಾರಿಗೆ ಬಂದ 1976ರ ಡಿಸೆಂಬರ್ 1ರಂದು ಬದುಕಿದ್ದ ಪ್ರತಿಯೊಬ್ಬ ಸದಸ್ಯನಿಗೂ ತಲಾ ಒಂದು ಪಾಲು, ಅಂದು ಹಾಲು ಕುಡಿಯುವ ಮಗುವಿಗೂ. ಹಾಗಾಗಿ ನಮ್ಮದಕ್ಕೆ 11 ಸಹಿ ಬೇಕಾಯಿತು. ವಕೀಲರಿಗೆ 35 ಸಾವಿರ ಆಯಿತು, ಇವತ್ತಿಗೂ ಒಂದು ತಕರಾರಿಲ್ಲ. 1956ಕ್ಕೆ ಮೊದಲಿನ ದಸ್ತಾವೇಜು ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದು, ಹಳೆ ಕನ್ನಡ ಬರವಣಿಗೆ. ಅದರಲ್ಲಿ ಚಾಲಗೇಣಿ (ಗೇಣಿಗೆ ಕೊಟ್ಟ ಜಾಗೆ) ಎಂದಿದ್ದರೆ, ಜಾಗೆ ಗೇಣಿದಾರರದ್ದಾಯಿತು ಎಂದು ತೋರಿಸುವ ಲ್ಯಾಂಡ್ ಟ್ರಿಬ್ಯೂನಲಿನ ಕ್ರಯ ಸರ್ಟಿಫಿಕೇಟ್ ಕೇಳಲೇಬೇಕು.

ಮಂಜೇಶ್ವರ: ಖರ್ಚು ಯಾರೂ ಹೇಳಲಿಲ್ಲ. ಮುದ್ರಾಂಕ 8%, ನೋಂದಣಿ 2%: 40 ಲಕ್ಷಕ್ಕೆ 3.2 ಲಕ್ಷ ಮತ್ತು 80 ಸಾವಿರ. ಫೇರ್ ವ್ಯಾಲ್ಯೂ (ಸರಕಾರ ಗೊತ್ತುಮಾಡಿದ ಬೆಲೆ) ಹೆಚ್ಚಿದ್ದರೆ ಅದರ ಮೇಲೆ. ಆಧಾರ, ಅಂದರೆ ಕ್ರಯಪತ್ರ, ಬರೆಯುವವರ ಖರ್ಚು ಬೇರೆ. ಮಾರುವವರು ಗಲ್ಫಿನಲ್ಲಿದ್ದರೆ ಟಿಡಿಎಸ್ಸಿಗೆ (ದುಡ್ಡು ಕೊಡುವಾಗ ಹಿಡಿಯುವ ಆದಾಯ ತೆರಿಗೆಗೆ) 50 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ನೀವು ಹಿಡಿದು ಕಟ್ಟದಿದ್ದರೆ ವಸೂಲಿ ನಿಮ್ಮಿಂದಲೇ.

ಕೊಯಿಪ್ಪಾಡಿ: ಹೊರಗಿನವರು ಬಂದು ಮೊದಲು ಮಾಡುವ ಕೆಲಸ ಕೆಂಪುಕಲ್ಲಿನ ಕಂಪೌಂಡು. ದೋಣಿ ಎಳೆಯುವ ದಾರಿ ಅಲ್ಲಿಗೆ ಮುಗಿಯಿತು. 20 ವರ್ಷ ತಡೆಯಿಲ್ಲದೆ ನಡೆದ ದಾರಿಗೆ ಹಕ್ಕುಂಟು, ಆದರೆ ಅದನ್ನು ಕೋರ್ಟಿನಲ್ಲಿ ತೋರಿಸುವಷ್ಟರಲ್ಲಿ ಎಷ್ಟು ಮಳೆಗಾಲ ಹೋಗುತ್ತದೆ? ಸೆಂಟಿಗೆ ಎರಡು ಲಕ್ಷದ ಹತ್ತಿರ ಆದರೆ ಇಲ್ಲಿನ ಮಕ್ಕಳು ಮನೆ ಕಟ್ಟುವುದೆಲ್ಲಿ?

ಬದಿಯಡ್ಕ: ಮಾರಿದ್ದು ಊರಿನವರೇ ಅಲ್ಲವಾ ಅಣ್ಣ?

ಕೊಯಿಪ್ಪಾಡಿ: ಆಸ್ಪತ್ರೆ ಸಾಲಕ್ಕೆ ಮಾರಿದ್ದು. ಅದನ್ನು ಹಿಡಿದು ಮಾತಾಡಬೇಡಿ.

ಬದಿಯಡ್ಕ: ದುಡ್ಡು ಕೊಟ್ಟು ತೆಗೆದವರನ್ನು ಕಳ್ಳರ ಹಾಗೆ ನೋಡುವುದೂ ಸರಿಯಲ್ಲ. ನಾವೂ ಕನ್ನಡದವರೇ, ಈ ಜಿಲ್ಲೆಯವರೇ.

ಉಪ್ಪಳ: ಜಗಳ ಆಮೇಲೆ. ಸರ್, ವಿಲೇಜ್ ಆಫೀಸಿನ ಬಿಟಿಆರಿನಲ್ಲಿ (ಮೂಲ ತೆರಿಗೆ ದಾಖಲೆಯಲ್ಲಿ) 'ನಿಲಂ' ಎಂದುಂಟಾ, 'ಪುರಯಿಡಂ' (ಮನೆ-ತೋಟದ ಜಾಗೆ) ಎಂದುಂಟಾ? ತೆಂಗು ನಿಂತಿದ್ದರೂ ನಿಲಂ ಎಂದರೆ ಗದ್ದೆಯೇ. ಡಾಟಾ ಬ್ಯಾಂಕಿನಲ್ಲಿದ್ದರೆ (ಗದ್ದೆಗಳ ಸರಕಾರಿ ಪಟ್ಟಿ) ಅದರಿಂದ ತೆಗೆಸಲಿಕ್ಕೆ ಮೊದಲು ಫಾರಂ 5, ಹೊರಬಂದ ಮೇಲೆ ಜಾಗೆಯ ಬಗೆ ಬದಲಿಸಲಿಕ್ಕೆ ಫಾರಂ 6. ಅಂಥ ಜಾಗೆಗೆ ಗದ್ದೆ ಉಳಿಸುವ ಕಾಯ್ದೆ ಜಾರಿಗೆ ಬಂದ 2008ರ ಆಗಸ್ಟ್ 12ರ ನಂತರ ಮಣ್ಣು ತುಂಬಿಸಿದ್ದಾದರೆ ಎರಡೂ ನಡೆಯುವುದಿಲ್ಲ. 25 ಸೆಂಟ್ಸ್ ವರೆಗೆ ಬಗೆ ಬದಲಿಸುವ ಶುಲ್ಕ ಇಲ್ಲ ಎನ್ನುತ್ತಾರೆ, ಆದರೆ 2017ರ ಡಿಸೆಂಬರ್ 30ರ ನಂತರ ದೊಡ್ಡ ಜಾಗೆಯಿಂದ ತುಂಡು ಮಾಡಿದ 22 ಸೆಂಟ್ಸಿಗೆ ಆ ವಿನಾಯಿತಿ ಸಿಗುವುದಿಲ್ಲ.

ಕೊಯಿಪ್ಪಾಡಿ: ಸ್ಕೆಚ್ ಮಾಡಿಸುವಾಗ ದೋಣಿ ದಾರಿಯನ್ನೂ ಎಳೆಸಿ. ಮೂರು ಮೀಟರ್ ಅಗಲ ಬೇಕು, ಅದಕ್ಕಿಂತ ಕಡಿಮೆಯಾದರೆ ದೋಣಿ ತಿರುಗುವುದಿಲ್ಲ.